ಹಸಿ ಮರದ ವ್ಯಾಪಾರ

ಹೊಸ ಮನೆಯ ಬಾಗಿಲು ಮೊದಲ ಮಳೆಗಾಲಕ್ಕೆ ಬಿಗಿಯಾಗಿ ಕೂರುತ್ತದೆ. ಆಚಾರಿ ಬಂದು ಅಂಚಿಗೆ ಹತ್ತರಿ ಹೊಡೆದು ಹೋಗುತ್ತಾರೆ. ಮಾರ್ಚ್ ಬರುವ ಹೊತ್ತಿಗೆ ಅದೇ ಬಾಗಿಲಿನ ಸಂದಿಯಲ್ಲಿ ಬೆಳಕು ಕಾಣುತ್ತದೆ, ಚಿಲಕ ತೂತಿಗೆ ಕೂರುವುದಿಲ್ಲ. ಬೈಗುಳವೆಲ್ಲ ಆಚಾರಿಗೆ. ಮುಂದಿನ ಬಾಗಿಲಿಗೆ ಮನೆಯವರು ಪ್ಲಾಸ್ಟಿಕ್ಕಿನ ಯುಪಿವಿಸಿಯೋ, ಮರದ ಪುಡಿ ಬೆರೆಸಿದ ಡಬ್ಲ್ಯುಪಿಸಿಯೋ, ಸ್ಟೀಲೋ ಎಂದು ಅಂಗಡಿ ಸುತ್ತುತ್ತಾರೆ. ಮರದ ವ್ಯಾಪಾರಕ್ಕೆ ಗಿರಾಕಿ ತಪ್ಪಿಹೋಗುವುದು ಹೀಗೇ, ಒಂದೊಂದೇ ಬಾಗಿಲಿನ ಲೆಕ್ಕದಲ್ಲಿ.

ಮರದ ಉದ್ಯಮ ಬೆಳೆಯಬೇಕು ಎಂದ ತಕ್ಷಣ ನಮ್ಮಲ್ಲಿ ಮಾತು ಸಸಿಯ ಕಡೆ ತಿರುಗುತ್ತದೆ. ಹೆಬ್ಬೇವೋ ಮಹಾಗನಿಯೋ, ಎಕರೆಗೆ ಎಷ್ಟು ಗಿಡ, ಎಷ್ಟು ವರ್ಷಕ್ಕೆ ಎಷ್ಟು ಲಕ್ಷ. ಸಸಿ ನೆಡುವುದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕರ್ನಾಟಕ ಸೋಲುತ್ತಿರುವುದು ಮರ ಉರುಳಿದ ದಿನದಿಂದ ಹಲಗೆ ಆಚಾರಿಯ ಕೈ ಸೇರುವ ದಿನದವರೆಗಿನ ಒಂದೆರಡು ತಿಂಗಳಲ್ಲಿ. ಹಸಿ ಮರ ಮಾರುತ್ತೇವೆ, ಹಸಿ ಮರ ಕೊಳ್ಳುತ್ತೇವೆ, ಹಸಿ ಮರದಲ್ಲೇ ಮನೆ ಕಟ್ಟುತ್ತೇವೆ.

ಕಾಡಿನ ಮರ ನಂಬಿಕೊಂಡು ಕಾರ್ಖಾನೆ ನಡೆಸುವ ಕಾಲ ಎಂದೋ ಮುಗಿಯಿತು. ಬೇಕಾದ ಮರವನ್ನು ರೈತರ ಜೊತೆ ಸೇರಿ ನೀವೇ ಬೆಳೆಸಿಕೊಳ್ಳಿ ಎಂದು 1988ರ ರಾಷ್ಟ್ರೀಯ ಅರಣ್ಯ ನೀತಿಯೇ ಕಾರ್ಖಾನೆಗಳಿಗೆ ಹೇಳಿತ್ತು. 1996ರ ಡಿಸೆಂಬರ್ 12ರಂದು ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ಕಾಡಿನ ಕಟಾವಿಗೂ ಸಾಮಿಲ್ಲಿನ ಪರವಾನಗಿಗೂ ಬಿಗಿ ಬಿತ್ತು. ಈಗ ಗರಗಸಕ್ಕೆ ಬರುವುದು ಕಾಫಿ ತೋಟದ ಸಿಲ್ವರ್ ಓಕ್, ಬದುವಿನ ತೇಗ, ಅಕೇಶಿಯಾ, ನೀಲಗಿರಿ, ಹೆಬ್ಬೇವು. ಇಲ್ಲವೇ ಹಡಗಿನಲ್ಲಿ ಬಂದದ್ದು. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದಿಮ್ಮಿ ರಫ್ತು ನಿಲ್ಲಿಸಿತು. ಆ ಜಾಗಕ್ಕೆ ಆಫ್ರಿಕಾ, ಲ್ಯಾಟಿನ್ ಅಮೆರಿಕದ ತೋಟದ ತೇಗ ಬಂತು. ನ್ಯೂಜಿಲೆಂಡಿನ ಪೈನ್ ದಿಮ್ಮಿ ಗುಜರಾತಿನ ಕಾಂಡ್ಲಾದಲ್ಲಿ ಇಳಿದು ಸೀಳಿಸಿಕೊಂಡು ದೇಶವೆಲ್ಲ ಓಡಾಡುತ್ತದೆ, ಯುರೋಪಿನ ಪೈನ್ ಒಣಗಿದ ಹಲಗೆಯಾಗಿಯೇ ಬರುತ್ತದೆ. ಪೈನ್ ಎಂದರೆ ಅದೇನು ಮಹಾ ಮರವಲ್ಲ, ನಮ್ಮ ಸಿಲ್ವರ್ ಓಕ್‌ಗಿಂತ ಹಗುರ. ಆದರೂ ಫರ್ನಿಚರ್ ಮಾಡುವವರು ಅದನ್ನೇ ಕೇಳುತ್ತಾರೆ. ಒಣಗಿದೆ, ದಪ್ಪ ಹೆಚ್ಚುಕಮ್ಮಿಯಿಲ್ಲ, ಮುಂದಿನ ತಿಂಗಳ ಲೋಡೂ ಹೀಗೇ ಇರುತ್ತದೆ ಎಂಬ ಭರವಸೆಗೆ ಅವರು ದುಡ್ಡು ಕೊಡುತ್ತಿದ್ದಾರೆ.

ರೈತರಿಗೆ ಮೊದಲ ಏಟು ಬೀಳುವುದು ಅಳತೆಯಲ್ಲಿ. ದಿಮ್ಮಿಯ ನಡುವಿನ ಸುತ್ತಳತೆ 36 ಇಂಚು, ಉದ್ದ 10 ಅಡಿ ಎಂದುಕೊಳ್ಳಿ. ವ್ಯಾಪಾರದ ಲೆಕ್ಕ ಹೀಗೆ: 36ರ ಕಾಲು ಭಾಗ 9, ಒಂಬತ್ತೊಂಬತ್ಲೆ 81, ಅದಕ್ಕೆ ಹತ್ತರ ಗುಣಾಕಾರ, 144ರಿಂದ ಭಾಗಾಕಾರ, ಬಂದದ್ದು 5.6 ಸಿಎಫ್‌ಟಿ, ಅಂದರೆ ಘನ ಅಡಿ. ಆ ದಿಮ್ಮಿಯಲ್ಲಿ ನಿಜಕ್ಕೂ ಇರುವ ಮರ ಸುಮಾರು 7.16 ಸಿಎಫ್‌ಟಿ. ನೂರಕ್ಕೆ ಇಪ್ಪತ್ತೊಂದೂವರೆ ಪಾಲು ಲೆಕ್ಕದ ಒಳಗೇ ಮಾಯ. ಇದನ್ನು ಮೋಸ ಎನ್ನುವುದಿಲ್ಲ. ಇಂಗ್ಲಿಷರಿಂದ ಬಂದ ಹಾಪಸ್ ಲೆಕ್ಕ ಇದು, ಗುಂಡು ದಿಮ್ಮಿಯನ್ನು ಚೌಕ ಮಾಡುವಾಗ ಹೋಗುವ ಅಂಚನ್ನು ಮೊದಲೇ ಕಳೆದುಬಿಡುತ್ತದೆ. ಆದರೆ ಹೀಗೆ ಕಳೆದಾದ ಮೇಲೂ ತೊಗಟೆಗೆಂದು ಇನ್ನೆರಡು ಇಂಚು ಕಳೆಯುತ್ತಾರೆ ನೋಡಿ, ಅಲ್ಲಿದೆ ಪೆಟ್ಟು. 36 ಇಂಚು 34 ಆದರೆ 5.6 ಇದ್ದದ್ದು 5ಕ್ಕೆ ಇಳಿಯುತ್ತದೆ. ಎರಡೇ ಇಂಚಿಗೆ ಹತ್ತಿರ ಹತ್ತಿರ ನೂರಕ್ಕೆ ಹನ್ನೊಂದು! ಟೇಪು ಹಿಡಿಯುವ ಮೊದಲೇ ಮೂರು ವಿಷಯ ಬಾಯಿಬಿಟ್ಟು ಕೇಳಿ: ಸುತ್ತಳತೆ ನಡುವಿನದೋ ತುದಿಯದೋ, ತೊಗಟೆ ಮೇಲೋ ಕೆಳಗೋ, ಡೊಂಕಿಗೆ ಎಷ್ಟು ಕಳೆಯುತ್ತೀರಿ.

ಟನ್ ಲೆಕ್ಕದಲ್ಲಿ ಮಾರಿದರೆ ಸಮಸ್ಯೆ ಬೇರೆ. ಆಗಷ್ಟೇ ಕಡಿದ ಹೆಬ್ಬೇವಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಲಾರಿ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತ ವಾರ ಕಳೆದರೆ ರೈತನ ದುಡ್ಡು ಬಿಸಿಲಿಗೆ ಆವಿಯಾಗುತ್ತಿರುತ್ತದೆ. ಕಾರ್ಖಾನೆಗೂ ಇದರಿಂದ ಲಾಭವಿಲ್ಲ. ತುದಿ ಸೀಳಿದ ದಿಮ್ಮಿಯಿಂದ ವಿನಿಯರ್ ಎಂಬ ತೆಳು ಹಾಳೆ ಸುಲಿಯಲು ಹೋದರೆ ಅದು ಅಂಚಿನಲ್ಲೇ ಹರಿಯುತ್ತದೆ. ಕಡಿದ 48 ಗಂಟೆಯೊಳಗೆ ವೇಬ್ರಿಡ್ಜ್, ತಡವಾದರೆ ಇಂತಿಷ್ಟು ಎಂದು ಕರಾರಿನಲ್ಲಿ ಬರೆಸುವುದು ಇಬ್ಬರಿಗೂ ಒಳ್ಳೆಯದು. ಕಡಿದ ದಿನವೇ ದಿಮ್ಮಿಯ ಎರಡೂ ತುದಿಗೆ ಹಳೆ ಪೇಂಟನ್ನೋ ಡಾಂಬರನ್ನೋ ಬಳಿದು ನೆರಳಿಗೆ ಎಳೆದಿಟ್ಟರೆ ಅರ್ಧ ಸೀಳು ಅಲ್ಲೇ ನಿಲ್ಲುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ತೇವಾಂಶವನ್ನು ಲೆಕ್ಕ ಹಾಕುವುದು ಮರದ ಒಣ ತೂಕದ ಮೇಲೆ. 130 ಗ್ರಾಂ ತೂಗುವ ತುಂಡನ್ನು 103 ಡಿಗ್ರಿ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಟ್ಟಾಗ 100 ಗ್ರಾಂ ಉಳಿದರೆ ತೇವಾಂಶ ಶೇ. 30. ಆ 30ರ ಆಸುಪಾಸಿನವರೆಗೆ ನೀರು ಇಳಿದರೂ ಮರದ ಗಾತ್ರ ಬದಲಾಗುವುದಿಲ್ಲ, ಕೋಶದ ಟೊಳ್ಳಿನಲ್ಲಿದ್ದ ನೀರಷ್ಟೇ ಹೋಗಿರುತ್ತದೆ. ಅಲ್ಲಿಂದ ಕೆಳಗೆ ಕೋಶದ ಗೋಡೆಯ ನೀರು ಹೋಗತೊಡಗುತ್ತದೆ, ಮರ ಕುಗ್ಗುತ್ತದೆ. ಪೂರ್ತಿ ಒಣಗುವಾಗ ಅಗಲದಲ್ಲಿ ಶೇ. 8 ಕುಗ್ಗುವ ಜಾತಿ ಎಂದು ಹಿಡಿಯಿರಿ. ಶೇ. 25 ತೇವಾಂಶದಲ್ಲಿ ಕೂಡಿಸಿದ ಹಲಗೆ ಮನೆಯೊಳಗೆ 12ಕ್ಕೆ ಇಳಿದರೆ 150 ಮಿ.ಮೀ. ಅಗಲದಲ್ಲಿ ಸುಮಾರು 5 ಮಿ.ಮೀ. ಹೋಯಿತು. ಮೂರು ಹಲಗೆಯ ಬಾಗಿಲಲ್ಲಿ ಒಂದೂವರೆ ಸೆಂಟಿಮೀಟರ್. ಯಾವ ಆಚಾರಿಯ ಕೈಚಳಕವೂ ಇದಕ್ಕೆ ಮದ್ದಲ್ಲ.

ಬೆಂಗಳೂರು, ಮೈಸೂರಿನ ಮನೆಯೊಳಗಿನ ಕೆಲಸಕ್ಕೆ ತೇವಾಂಶ ಶೇ. 10ರಿಂದ 12 ಸರಿ. ಕರಾವಳಿಗೆ ಅದಕ್ಕಿಂತ ಮೂರ್ನಾಲ್ಕು ಹೆಚ್ಚಿದ್ದರೂ ನಡೆಯುತ್ತದೆ, ಕಲಬುರಗಿ ಕಡೆಗೆ ಇನ್ನೂ ಕಡಿಮೆ ಬೇಕು. ಮಂಗಳೂರಿನ ಹವೆಗೆ ಒಣಗಿಸಿ ಮಾಡಿದ ಬಾಗಿಲು ಕಲಬುರಗಿಯ ಬೇಸಿಗೆಯಲ್ಲಿ ಬಾಯಿ ಬಿಡುವುದು ಇದಕ್ಕೇ. ಐಎಸ್ 287 ಎಂಬ ಭಾರತೀಯ ಮಾನಕ ದೇಶವನ್ನು ಹವೆಗೆ ತಕ್ಕಂತೆ ವಿಭಾಗ ಮಾಡಿ ಎಲ್ಲಿ ಯಾವ ಕೆಲಸಕ್ಕೆ ಎಷ್ಟು ಎಂದು ಹೇಳಿದೆ. ಒಣಗಿಸುವ ಕ್ರಮಕ್ಕೆ ಐಎಸ್ 1141 ಇದೆ. ಸಾಮಿಲ್ಲಿನ ಗೋಡೆಯಲ್ಲಿ ದೇವರ ಪಟದ ಪಕ್ಕ ಇವೆರಡನ್ನೂ ಅಂಟಿಸಬಹುದು.

ಗಾಳಿಗೆ ಒಣಗಿಸಲು ಯಂತ್ರ ಬೇಡ, ಶಿಸ್ತು ಬೇಕು. ನೆಲದಿಂದ ಒಂದೂವರೆ ಅಡಿ ಎತ್ತರದ ಕಟ್ಟೆ, ಮೇಲೊಂದು ಶೀಟು. ಪ್ರತಿ ಸಾಲಿನ ನಡುವೆ 1 ಇಂಚು ದಪ್ಪದ ಒಣ ರೀಪು, ಎರಡು ಅಡಿಗೊಂದರಂತೆ. ಎಲ್ಲ ಸಾಲಿನ ರೀಪೂ ಕೆಳಗಿನಿಂದ ಮೇಲಿನವರೆಗೆ ತೂಗುಗುಂಡು ಬಿಟ್ಟಂತೆ ಒಂದೇ ನೇರದಲ್ಲಿರಬೇಕು. ಒಂದು ರೀಪು ಪಕ್ಕಕ್ಕೆ ಸರಿದರೆ ಮೇಲಿನ ಭಾರವೆಲ್ಲ ಹಲಗೆಯ ನಡುವಿಗೆ ಬಿದ್ದು ಅದು ಬಾಗಿದಂತೆಯೇ ಒಣಗುತ್ತದೆ. ಹಸಿ ರೀಪು ಹಾಕಿದರೆ ಅದರ ಕಪ್ಪು ಪಟ್ಟೆ ಹಲಗೆಯ ಮೇಲೆ ಉಳಿಯುತ್ತದೆ. ಮೇಲಿನ ಸಾಲಿಗೆ ಭಾರ ಹೇರದಿದ್ದರೆ ಅದಷ್ಟೂ ತಿರುಚಿಕೊಳ್ಳುತ್ತದೆ. ಮಳೆ ಮುಗಿದ ಮೇಲೆ ಹೀಗೆ ಅಟ್ಟಿ ಹಾಕಿದ 1 ಇಂಚಿನ ಸಿಲ್ವರ್ ಓಕ್ ಎರಡು ಮೂರು ತಿಂಗಳಲ್ಲಿ 15–18ಕ್ಕೆ ಬರುತ್ತದೆ. ಮಲೆನಾಡಿನ ಜುಲೈಯಲ್ಲಿ ಮಾತ್ರ 20ರ ಕೆಳಗೆ ಇಳಿಸುವುದೇ ಕಷ್ಟ. ಅದಕ್ಕೇ ಕಿಲ್ನ್, ಅಂದರೆ ಮರ ಒಣಗಿಸುವ ಕೋಣೆ ಬೇಕು ಎನ್ನುವುದು.

ಕಿಲ್ನ್ ಎಂದರೆ ಬಿಸಿ ಕೋಣೆ ಎಂದು ತಿಳಿದವರೇ ಹೆಚ್ಚು ಮರ ಹಾಳು ಮಾಡಿದ್ದು. ಅಲ್ಲಿನ ಕೆಲಸ ಬಿಸಿಗಿಂತ ತೇವವನ್ನು ಹಿಡಿತದಲ್ಲಿಡುವುದು. 40–45 ಡಿಗ್ರಿಯಲ್ಲಿ, ಕೋಣೆಯೊಳಗೆ ಹಬೆ ಬಿಟ್ಟು ನಿಧಾನ ಶುರು ಮಾಡಬೇಕು. ಮರದ ತೇವಾಂಶ 30ರ ಕೆಳಗೆ ಬಂದ ಮೇಲೆ ಬಿಸಿ ಏರಿಸುತ್ತ ಕೊನೆಗೆ 60–65. ಅವಸರ ಮಾಡಿದರೆ ಹೊರಪದರ ಒಣಗಿ ಬಿಗಿಯುತ್ತದೆ, ಒಳಗೆ ಹಸಿಯೇ ಉಳಿಯುತ್ತದೆ. ನೋಡಲು ಚೆಂದ, ಸೀಳಿದ ಕೂಡಲೇ ಎರಡೂ ಹೋಳು ಬಿಲ್ಲಾಗುತ್ತವೆ. ನೀಲಗಿರಿಯಂತೂ ಇನ್ನೂ ಹಟಮಾರಿ. ಹಸಿಯಲ್ಲೇ ಬಿಸಿ ಕೊಟ್ಟರೆ ಒಳಗಿನ ಕೋಶಗಳೇ ಕುಸಿದು ಹಲಗೆಯ ಮೇಲೆ ಅಲೆ ಅಲೆ ಏಳುತ್ತದೆ. ಅದನ್ನು ನೆರಳಲ್ಲಿ 30ರ ತನಕ ಒಣಗಿಸಿಕೊಂಡು ಆಮೇಲೆ ಒಳಗಿಡಬೇಕು. ಉರುವಲಿನ ಚಿಂತೆ ಬೇಡ, ಸಾಮಿಲ್ಲಿನ ಹೊಟ್ಟು, ಅಂಚುಪಟ್ಟಿಯೇ ಬಾಯ್ಲರಿಗೆ ಸಾಕಷ್ಟಾಯಿತು. ಒಬ್ಬೊಬ್ಬ ಮಿಲ್ಲಿನವರಿಗೆ ಕಿಲ್ನ್ ಭಾರವಾದರೆ ಕುಶಾಲನಗರ, ಹುಣಸೂರು, ಸಾಗರದಂಥ ಕಡೆ ಐದಾರು ಮಿಲ್ಲು ಸೇರಿ ಒಂದು ಹಾಕಿಕೊಳ್ಳಬಹುದು. ಸರ್ಕಾರ ಹೊಸ ಗರಗಸಕ್ಕೆ ಪರವಾನಗಿ ಬಿಗಿ ಮಾಡಲಿ, ನನ್ನ ತಕರಾರಿಲ್ಲ. ಸಹಾಯಧನ ಕೊಡುವುದಾದರೆ ಅದು ಈ ಕೋಣೆಗೆ ಬರಲಿ. ತರಬೇತಿ, ಪರೀಕ್ಷೆಗೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಕೂಗಳತೆಯಲ್ಲೇ ಇದೆ. ಅದರ ಗೇಟು ದಾಟಿದ ಮಿಲ್ಲಿನವರು ಎಷ್ಟು ಜನ?

ಕುಟ್ಟೆ ಹುಳದ್ದು ಇನ್ನೊಂದು ಕಥೆ. ತೋಟದ ಮರ ಎಳೆಯದು, ಕೆಚ್ಚು ಕಡಿಮೆ, ಬಿಳಿ ಭಾಗ ಹೆಚ್ಚು. ಆ ಬಿಳಿಯಲ್ಲಿರುವ ಪಿಷ್ಟವೇ ಹುಳಕ್ಕೆ ಊಟ. ಹದಿನೈದು ವರ್ಷದ ತೇಗಕ್ಕೂ ಈ ಮಾತು ಅನ್ವಯ. ತೇಗ ಎಂಬ ಹೆಸರಿಗೆ ಹುಳ ಹೆದರುವುದಿಲ್ಲ. ಪರಿಹಾರ ಅಗ್ಗದ್ದು: ಬೋರಿಕ್ ಆಸಿಡ್ 1 ಪಾಲು, ಬೊರಾಕ್ಸ್ ಒಂದೂವರೆ ಪಾಲು, ಬಿಸಿ ನೀರಿನಲ್ಲಿ ಕರಗಿಸಿ ಸೀಳಿದ ದಿನವೇ ಹಸಿ ಹಲಗೆ ಅದ್ದುವುದು, ಆಮೇಲೆ ರೀಪು ಹಾಕದೆ ಒತ್ತಾಗಿ ಪೇರಿಸಿ ಪ್ಲಾಸ್ಟಿಕ್ ಹೊದಿಸಿ ಕೆಲವು ವಾರ ಬಿಡುವುದು. ಮರದೊಳಗಿನ ನೀರೇ ಔಷಧಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಣಗಿದ ಮೇಲೆ ಅದ್ದಿದರೆ ಮೇಲ್ಮೈಗೆ ಸುಣ್ಣ ಬಳಿದಷ್ಟೇ ಪ್ರಯೋಜನ. ಮಳೆ ಬೀಳುವ ಜಾಗಕ್ಕೆ ಇದು ಆಗದು, ತೊಳೆದುಹೋಗುತ್ತದೆ.

ಗರಗಸದ ಬಗ್ಗೆ ಒಂದೇ ಲೆಕ್ಕ. 300 ಮಿ.ಮೀ. ಚೌಕದಿಂದ 20 ಮಿ.ಮೀ. ಹಲಗೆ ತೆಗೆಯುವಾಗ 5 ಮಿ.ಮೀ. ತಿನ್ನುವ ದಪ್ಪ ಚಕ್ರ ಗರಗಸದಲ್ಲಿ 12 ಬರುತ್ತವೆ, ಎರಡೂವರೆ ಮಿ.ಮೀ. ತಿನ್ನುವ ಬ್ಯಾಂಡ್‌ಸಾದಲ್ಲಿ 13. ಆ ಒಂದು ಹಲಗೆ ಇಷ್ಟು ದಿನ ಹೊಟ್ಟಿನ ಗುಡ್ಡೆಗೆ ಹೋಗುತ್ತಿತ್ತು. ಸಿಲ್ವರ್ ಓಕ್‌ನ ದಪ್ಪ ದಿಮ್ಮಿಯನ್ನು ತಿರುಳಿನ ಕಡೆಯಿಂದ ತೊಗಟೆಯ ಕಡೆಗೆ ಸೀಳಿದರೆ ಜರಿ ಕಸೂತಿಯಂಥ ಚುಕ್ಕಿ ಏಳುತ್ತದೆ. ಹೊರದೇಶದಲ್ಲಿ ಅಂಥ ಮೈಗೆ ಲೇಸ್‌ವುಡ್ ಎಂಬ ಹೆಸರೇ ಇದೆ. ನಾವು ಅದನ್ನು ಪ್ಲೈವುಡ್ ಹೊಟ್ಟೆಗೆ ತುಂಬುತ್ತೇವೆ. ಈ ಮರದ ಹೊಟ್ಟು ಮಾತ್ರ ಕೆಲವರ ಮೈಗೆ ಆಗಿಬರುವುದಿಲ್ಲ, ತುರಿಕೆ ಏಳುತ್ತದೆ. ಮಾಸ್ಕು, ಪೂರ್ತಿ ತೋಳಿನ ಅಂಗಿ ಕೆಲಸಗಾರರಿಗೆ ಇರಲಿ.

ಬೆಳೆಯುವವರಿಗೆ ಎರಡೇ ಮಾತು. ಹೆಬ್ಬೇವಿಗೆ ಮೊದಲ ಎರಡು ಮೂರು ವರ್ಷ ಪಕ್ಕದ ಕೊಂಬೆ ಬೆರಳು ದಪ್ಪ ಇರುವಾಗಲೇ, ಬುಡದ ಉಬ್ಬಿಗೆ ಗಾಯವಾಗದಂತೆ ಸವರುತ್ತ 18–20 ಅಡಿ ಗಂಟಿಲ್ಲದ ಕಾಂಡ ಬಿಡಿಸಬೇಕು. ಪ್ಲೈವುಡ್‌ನವರು ಬೆಲೆ ಕಟ್ಟುವುದು ಆ ಕಾಂಡಕ್ಕೆ. ಇನ್ನು ಬೇಲಿಯ ತಂತಿಗೆಂದು ಬದುವಿನ ತೇಗಕ್ಕೆ ಮೊಳೆ ಹೊಡೆಯಬೇಡಿ, ಮೆಣಸಿನ ಬಳ್ಳಿಯನ್ನು ಸಿಲ್ವರ್ ಓಕ್‌ಗೆ ತಂತಿಯಲ್ಲಿ ಬಿಗಿಯಬೇಡಿ. ಹತ್ತು ವರ್ಷಕ್ಕೆ ಮೊಳೆ ಮರದೊಳಗೆ ಮುಚ್ಚಿಹೋಗುತ್ತದೆ, ಮಿಲ್ಲಿನಲ್ಲಿ ಬ್ಲೇಡಿನ ಹಲ್ಲು ಹಾರುತ್ತದೆ. ಒಮ್ಮೆ ಹಾಗಾದರೆ ಆ ತೋಟದ ಬುಡದ ಐದಡಿಯನ್ನು ಮಿಲ್ಲಿನವರು ಸೌದೆ ರೇಟಿಗೆ ಕೇಳುತ್ತಾರೆ. ಮರದಲ್ಲಿ ಅತಿ ಹೆಚ್ಚು ಬೆಲೆಯ ಭಾಗವೇ ಅದು.

ಒಂದೇ ಜಾತಿಗೆ ಮುಗಿಬೀಳುವುದರ ಪಾಠ ಬೇಕಿದ್ದರೆ ಹರಿಯಾಣದ ಯಮುನಾನಗರ ನೋಡಿ. 1980ರ ದಶಕದಲ್ಲಿ ವಿಮ್ಕೊ ಬೆಂಕಿಪೊಟ್ಟಣ ಕಂಪನಿ ನಬಾರ್ಡ್ ಜೊತೆ ಸೇರಿ ಉತ್ತರದ ರೈತರಿಗೆ ಪಾಪ್ಲರ್ ಸಸಿ, ಸಲಹೆ, ಕೊಳ್ಳುವ ಭರವಸೆ ಮೂರನ್ನೂ ಕೊಟ್ಟಿತು. ಆ ಮರದ ಬಲದಲ್ಲೇ ಯಮುನಾನಗರ ಪ್ಲೈವುಡ್ ಊರಾಗಿ ಬೆಳೆಯಿತು. 2000ದ ನಂತರ ಎಲ್ಲರ ಮರವೂ ಒಟ್ಟಿಗೆ ಬಂದು ಬೆಲೆ ನೆಲ ಕಚ್ಚಿತು, ರೈತರು ನೆಡುವುದನ್ನೇ ಬಿಟ್ಟರು, ಕೆಲವೇ ವರ್ಷದಲ್ಲಿ ಕಾರ್ಖಾನೆಗಳು ಮರಕ್ಕಾಗಿ ಪರದಾಡಿದವು. ನಮ್ಮ ಹೆಬ್ಬೇವು ಇದೇ ದಾರಿಯಲ್ಲಿದೆ ಎಂಬುದು ನನ್ನ ಅನುಮಾನ. ನೀಲಗಿರಿಯದ್ದಂತೂ ಕೋಲಾರದವರಿಗೆ ಹೇಳಬೇಕಿಲ್ಲ. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಬೇಕಾಯಿತು. ಮಲೆನಾಡಿನ ಬ್ಯಾಣ, ಗೋಮಾಳ ಅಗೆದು ಅಕೇಶಿಯಾ ತುಂಬಿಸುವುದಕ್ಕೂ ನಾನು ವಿರೋಧಿಯೇ. ಹೊಲದ ಬದು, ಕಾಫಿ ತೋಟದ ನೆರಳು, ಇದ್ದ ಬೆಳೆಯ ನಡುವೆ ನಾಲ್ಕೈದು ಜಾತಿ, ಬೇರೆ ಬೇರೆ ವಯಸ್ಸು: ಅಲ್ಲಿಂದ ಬರುವ ಮರವೇ ಸಾಕಷ್ಟಿದೆ.

ಕಾನೂನಿನ ಕಡೆ ಕಷ್ಟ ಇರುವುದು ನಿಜ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ನೀಲಗಿರಿ, ಸರ್ವೆಗೆ ಕಟಾವಿನ ಅನುಮತಿ ಬೇಡ. ತೇಗ, ಹೊನ್ನೆ, ಬೀಟೆಗೆ ಬೇಕು. ಅರ್ಜಿ ಹಿಡಿದು ಓಡಾಡಲಾಗದವರು ನಿಂತ ಮರವನ್ನೇ ದಲ್ಲಾಳಿಗೆ ಒಪ್ಪಿಸುತ್ತಾರೆ, ಅಲ್ಲಿಗೆ ಅಳತೆಯೂ ಅವನದೇ, ಬೆಲೆಯೂ ಅವನದೇ. ಸಾಗಣೆ ಪರವಾನಗಿಗೆ 2023ರ ಡಿಸೆಂಬರ್‌ನಲ್ಲಿ ರಾಷ್ಟ್ರಮಟ್ಟದ ಆನ್‌ಲೈನ್ ವ್ಯವಸ್ಥೆ ಬಂದಿದೆ, ಕಾಡಿನ ಹೊರಗಿನ ಮರಕ್ಕೂ ಅನ್ವಯಿಸುವ ಪ್ರಮಾಣೀಕರಣ ಯೋಜನೆಯನ್ನೂ ಕೇಂದ್ರ ಅದೇ ತಿಂಗಳು ತಂದಿತು. ಹೊರದೇಶಕ್ಕೆ ಕಳಿಸುವವರು ರೈತರನ್ನು ಗುಂಪಾಗಿ ನೋಂದಾಯಿಸಿಕೊಂಡರೆ ಖರ್ಚು ಹಂಚಿಹೋಗುತ್ತದೆ.

ಮನೆಗೆ ಮರ ಕೊಳ್ಳುವವರು ಹೀಗೆ ಮಾಡಿ. ಪಿನ್ ಚುಚ್ಚುವ ತೇವಾಂಶ ಮೀಟರನ್ನು ಹಲಗೆಯ ಮೇಲ್ಮೈಗೆ ಇಟ್ಟು ಸಮಾಧಾನಪಡಬೇಡಿ. ಲಾಟಿನಿಂದ ಒಂದು ಹಲಗೆ ಆರಿಸಿ ನಡುವೆ ಕತ್ತರಿಸಿ, ಕತ್ತರಿಸಿದ ಹೊಸ ಮುಖದ ಮಧ್ಯಕ್ಕೆ ಚುಚ್ಚಿ ನೋಡಿ. ಅದೇ ಜಾಗದಿಂದ ಒಂದಿಂಚು ಅಗಲದ ಅಡ್ಡ ಚೂರು ತೆಗೆದು ನಡುವಿನ ತಿರುಳು ಕೊರೆದು, ಎರಡು ಕಾಲಿನ ಚಿಮಟದ ಹಾಗೆ ಮಾಡಿ ಒಂದು ದಿನ ಬಿಡಿ. ಕಾಲುಗಳು ಒಳಕ್ಕೆ ಬಾಗಿದರೆ ಅವಸರದಲ್ಲಿ ಒಣಗಿಸಿದ ಮರ. ನೇರ ನಿಂತರೆ, ಬಿಲ್ಲಿನಲ್ಲಿ ಸಿಎಫ್‌ಟಿಯ ಪಕ್ಕ ತೇವಾಂಶದ ಅಂಕಿಯನ್ನೂ ಬರೆಸಿಕೊಂಡು ಅಡ್ವಾನ್ಸ್ ಕೊಡಿ.