ಕುಂಡಲಿನಿ ಎದ್ದವರಿಗೆ ಮೊದಲು ಊಟ ಹಾಕಿ

ಬೆನ್ನುಮೂಳೆಯ ಬುಡದಲ್ಲಿ ಮಲಗಿದೆ ಅಂತ ಯೋಗದವರು ನಂಬುವ ಶಕ್ತಿಯೇ ಕುಂಡಲಿನಿ. ಅದು ಎದ್ದಿದೆ ಅಂತ ಯಾರಾದರೂ ಹೇಳಿಕೊಂಡರೆ ನಮ್ಮ ಶಿರಸಿ ಕಡೆ ಎರಡು ಥರದ ಜನ ಸಿಗುತ್ತಾರೆ. ಕೆಲವರು ಕೈ ಮುಗಿದುಬಿಡುತ್ತಾರೆ. 'ಪೂರ್ವಜನ್ಮದ ಪುಣ್ಯ ಮಾರಾಯ, ಬಿಡಬೇಡ, ಇನ್ನೂ ಜೋರಾಗಿ ಮಾಡು' ಅನ್ನುತ್ತಾರೆ. ಇನ್ನು ಕೆಲವರು ಮನೆಯವರನ್ನು ಪಕ್ಕಕ್ಕೆ ಕರೆದು 'ತಲೆ ಕೆಟ್ಟಿರಬೇಕು, ಎಲ್ಲಾದರೂ ನೋಟ ನೋಡಿಸಿ' ಅನ್ನುತ್ತಾರೆ. ನನಗೆ ಮೊದಲಿನವರ ಮೇಲೆಯೇ ಸಿಟ್ಟು ಜಾಸ್ತಿ. ಎರಡನೆಯವರು ಏನೋ ತೊಂದರೆ ಆಗಿದೆ ಅಂತಾದರೂ ಒಪ್ಪಿಕೊಳ್ಳುತ್ತಾರೆ ಅಲ್ವಾ?

ನಾನು ಊರಲ್ಲಿ ಸಂಜೆ ಹೊತ್ತು ನಾಲ್ಕು ಜನರಿಗೆ ಆಸನ ಹೇಳಿಕೊಡುವವಳು. ಕುಂಡಲಿನಿಯನ್ನು ನಂಬುವವಳೇ. ಆದರೂ ಒಂದು ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಮೈಯಲ್ಲಿ ತಡೆಯಲಾಗದ ಶಕ್ತಿ ಹರಿದು ನಿದ್ದೆ ಊಟ ಕೆಟ್ಟಿದೆ ಅಂದರೆ, ಅದು ಕುಂಡಲಿನಿಯೋ ನರದ ತೊಂದರೆಯೋ ಅನ್ನೋ ಜಗಳ ಆಮೇಲೆ. ಮೊದಲು ಸಾಧನೆ, ಅಂದರೆ ಪ್ರಾಣಾಯಾಮ ಧ್ಯಾನದ ಅಭ್ಯಾಸ, ನಿಲ್ಲಿಸಬೇಕು. ಪೂರ್ತಿ ನಿಲ್ಲಿಸಬೇಕು. ಈ 'ನಿಲ್ಲಿಸು' ಅನ್ನೋ ಮಾತನ್ನು ಮಾತ್ರ ಯಾರೂ ಹೇಳುವುದಿಲ್ಲ.

ಅಕ್ಕನ ಮಗನ ಕತೆ ಹೇಳುತ್ತೇನೆ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಬೆಂಗಳೂರಿನ ಕೆಲಸವನ್ನು ಊರಲ್ಲೇ ಕೂತು ಮಾಡುತ್ತಿದ್ದ ಹುಡುಗ. ವಿಡಿಯೊ ನೋಡಿ ಭಸ್ತ್ರಿಕಾ ಕಲಿತ, ತಿದಿ ಊದಿದ ಹಾಗೆ ಜೋರಾಗಿ ಉಸಿರಾಡುವ ಪ್ರಾಣಾಯಾಮ. ಅದರ ಮೇಲೆ ಮೈಯ ಸ್ನಾಯು ಬಿಗಿಹಿಡಿಯುವ ಬಂಧ, ಅದರ ಮೇಲೆ ಉಸಿರು ಕಟ್ಟುವ ಕುಂಭಕ. ಒಪ್ಪತ್ತು ಊಟ. ಬೆಳಗಿನ ಜಾವ ತಣ್ಣೀರು ಸ್ನಾನ. ಆಮೇಲೆ ಗೋಕರ್ಣದ ಕಡೆ ಯಾವುದೋ ಶಿಬಿರಕ್ಕೂ ಹೋಗಿ ಬಂದ. ಈಗ ಓಂ ಬೀಚು, ಕುಡ್ಲೆ ಕಡೆ ಇಂಥ ಶಿಬಿರಗಳಿಗೆ ಬರ ಇಲ್ಲ. ಒಳ್ಳೆಯವರೂ ಇದ್ದಾರೆ, ಸುಮ್ನೆ ಎಲ್ಲರನ್ನೂ ಬೈಯುತ್ತಿಲ್ಲ. ಇವನು ಹೋದ ಕಡೆ ಮಾತ್ರ 'ನಿದ್ದೆ ಬರುತ್ತಾ?' ಅಂತ ಒಬ್ಬರೂ ಕೇಳಿರಲಿಲ್ಲ.

ಬಂದ ಮೇಲೆ ಶುರುವಾಯಿತು. 'ಚಿಕ್ಕಿ, ಬೆನ್ನಲ್ಲಿ ಬೆಂಕಿ ಹರಿದ ಹಾಂಗೆ ಆಗ್ತು' ಅಂತ ಫೋನು. ಹೋಗಿ ನೋಡಿದರೆ ಕೂತಲ್ಲೇ ಭುಜ ಜಗ್ಗುತ್ತಿತ್ತು. ಕಣ್ಣು ಕೆಂಪಗೆ. ಲೋಟ ಹಿಡಿದರೆ ಕಾಫಿ ತುಳುಕುತ್ತಿತ್ತು. ಒಮ್ಮೆ ನಗು, ಒಮ್ಮೆ ಸಾಯುವಷ್ಟು ಹೆದರಿಕೆ. ರಾತ್ರಿಯೆಲ್ಲ ಜಗಲಿ ಮೇಲೆ ಓಡಾಟ. ಶಿಬಿರದವರಿಗೆ ಫೋನ್ ಮಾಡಿದರೆ 'ಶುದ್ಧಿ ನಡೀತಾ ಇದೆ, ಮುಂದುವರಿಸಿ' ಅಂದರಂತೆ! ಹುಡುಗ ಹಗಲು ರಾತ್ರಿ ಒದ್ದಾಡುತ್ತಿದ್ದಾನೆ, ಇವರಿಗೆ ಶುದ್ಧಿ.

ಇಷ್ಟಕ್ಕೂ ನಮ್ಮ ಹಳಬರು ಹಾಗೆ ಹೇಳಿಲ್ಲ. 15ನೇ ಶತಮಾನದ ಹಠಯೋಗ ಪ್ರದೀಪಿಕೆ ತೆಗೆದು ನೋಡಿ. ಸಿಂಹ, ಆನೆ, ಹುಲಿಗಳನ್ನು ಮೆಲ್ಲಮೆಲ್ಲಗೆ ಪಳಗಿಸುವ ಹಾಗೆ ಉಸಿರನ್ನು ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಅಂತ ಎರಡನೇ ಅಧ್ಯಾಯದಲ್ಲೇ ಇದೆ. ಸರಿಯಾದ ಪ್ರಾಣಾಯಾಮದಿಂದ ಎಲ್ಲ ರೋಗ ಹೋಗುತ್ತದೆ, ತಪ್ಪು ಅಭ್ಯಾಸದಿಂದ ಎಲ್ಲ ರೋಗ ಬರುತ್ತದೆ ಅನ್ನುತ್ತದೆ ಅದರ ಮುಂದಿನ ಶ್ಲೋಕ. ಅಭ್ಯಾಸದ ಶುರುವಿನಲ್ಲಿ ಹಾಲು ತುಪ್ಪದ ಊಟ ಒಳ್ಳೆಯದು ಅಂತಲೂ ಇದೆ. ಉಪವಾಸ, ಬೆಳಗಿನ ಜಾವದ ಸ್ನಾನ, ಮೈ ದಂಡಿಸುವುದು ಬೇಡ ಅಂತಲೂ ಇದೆ. ಬೇಡ ಅಂದದ್ದನ್ನೆಲ್ಲ ನಮ್ಮ ಹುಡುಗ ಹುಡುಕಿ ಹುಡುಕಿ ಮಾಡಿದ್ದ.

ಡಾಕ್ಟರ ಲೆಕ್ಕದಲ್ಲೂ ಒಂದಷ್ಟು ಅರ್ಥವಾಗುತ್ತದೆ. ಜೋರಾಗಿ, ಬೇಗ ಬೇಗ ಉಸಿರಾಡುತ್ತಾ ಹೋದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಮಿದುಳಿನ ರಕ್ತನಾಳ ಕಿರಿದಾಗುತ್ತದೆ. ತಲೆ ಹಗುರ, ತುಟಿ ಬೆರಳೆಲ್ಲ ಜುಮುಜುಮು, ಜಾಸ್ತಿಯಾದರೆ ಕೈಬೆರಳು ಸೆಟೆದುಕೊಳ್ಳುತ್ತದೆ. ಇದನ್ನೇ ಮೈಯೊಳಗಿನ ಶಕ್ತಿಯ ಚಕ್ರ ತೆರೆಯಿತು ಅಂದುಕೊಂಡು ಇನ್ನೂ ಜೋರು ಮಾಡುವವರಿದ್ದಾರೆ. ಅದರ ಮೇಲೆ ನಿದ್ದೆಗೆಟ್ಟರೆ ಮುಗೀತು. ಕೆಲವರಲ್ಲಿ ಬರೀ ನಿದ್ದೆಗೇಡೇ ಉನ್ಮಾದಕ್ಕೆ ತಿರುಗುತ್ತದೆ. ಬೀಚಿನ ಕಡೆ ಗಾಂಜಾವನ್ನೂ ಧ್ಯಾನಕ್ಕೆ ಸೇರಿಸಿಕೊಳ್ಳುವವರು ಇದ್ದಾರೆ. ಅದರಿಂದ ಭ್ರಮೆ ಶುರುವಾಗಬಹುದು. ಥೈರಾಯ್ಡ್ ಜಾಸ್ತಿಯಾದರೂ ಮೈ ಬಿಸಿ, ಕೈ ನಡುಕ, ಎದೆ ಡವಡವ, ನಿದ್ದೆ ಇಲ್ಲ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವ ಸಂಗತಿ ಅದು.

ನಮ್ಮ ಮನೆಯಲ್ಲಿ ಮೊದಲ ಔಷಧಿ ಕೊಟ್ಟದ್ದು ಅಕ್ಕ. ಅವನು ಮೂಲಾಧಾರ, ಸುಷುಮ್ನಾ ಅಂತ ಕುಂಡಲಿನಿ ಏಳುವ ದಾರಿ ವಿವರಿಸುತ್ತಿದ್ದ. ಅಕ್ಕ ಬಾಳೆ ಹಾಕಿ, 'ಮಾಣಿ, ಅದು ಏಳ್ಲಿ ಬಿಡ್ಲಿ, ನೀ ಮೊದ್ಲು ಉಂಬಲೆ ಬಾ' ಅಂದಳು. ಬಿಸಿ ಅನ್ನ, ತುಪ್ಪ, ಒಂದೆಲಗದ ತಂಬುಳಿ. ಎರಡು ತುತ್ತು ತಿಂದು ಎದ್ದ. ಅಕ್ಕ ಬಿಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಗಂಜಿ, ಮತ್ತೆ ಸ್ವಲ್ಪ ಹೊತ್ತಿಗೆ ಬಾಳೆಹಣ್ಣು, ರಾತ್ರಿ ಹಾಲು. ಹೊಟ್ಟೆ ಖಾಲಿ ಇರಲಿಕ್ಕೇ ಬಿಡಲಿಲ್ಲ. ಕಾಫಿ ಬಂದ್. ಮೊಬೈಲು ಅಕ್ಕನ ಸಾಸಿವೆ ಡಬ್ಬಿಯ ಹಿಂದೆ.

ಇದು ಬರೀ ಅಡುಗೆಮನೆ ಬುದ್ಧಿ ಅಂದುಕೊಳ್ಳಬೇಡಿ. ಕಾಶ್ಮೀರದ ಗೋಪಿ ಕೃಷ್ಣ ಜಮ್ಮುವಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದವರು. ವರ್ಷಗಟ್ಟಲೆ ಬೆಳಿಗ್ಗೆ ಧ್ಯಾನ ಮಾಡಿ, 1937ರ ಚಳಿಗಾಲದಲ್ಲಿ ಇದೇ ಬೆಂಕಿಗೆ ಸಿಕ್ಕವರು. ಮೈಯೊಳಗೆ ಉರಿ, ನಿದ್ದೆ ಇಲ್ಲ, ಅನ್ನ ಸೇರುವುದಿಲ್ಲ. ದಾರಿ ತೋರಿಸುವ ಗುರು ಕೂಡ ಸಿಗಲಿಲ್ಲ. ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ತಿನ್ನುವುದು ತನ್ನನ್ನು ಉಳಿಸಿತು ಅಂತ ಅವರೇ ಬರೆದಿದ್ದಾರೆ. ಮತ್ತೆ ಧ್ಯಾನಕ್ಕೆ ಕೂತಾಗ ತೊಂದರೆ ಮರಳಿದ್ದನ್ನೂ ಮುಚ್ಚಿಟ್ಟಿಲ್ಲ. ಅವರು ಸರಿಹೋಗಲಿಕ್ಕೆ ವರ್ಷಗಳೇ ಹಿಡಿದವು. 'ಒಂದೇ ವಾರದಲ್ಲಿ ಜಾಗೃತಿ' ಅಂತ ಜಾಹೀರಾತು ಹಾಕುವವರು ಇದನ್ನು ಓದಿರುತ್ತಾರಾ?

ಊಟದ ನಂತರ ಕೆಲಸ. ಅಡಿಕೆ ಕೊಯ್ಲಿನ ಸಮಯ, ಮನೆ ತುಂಬಾ ಕೆಲಸ ಇತ್ತು. ಅಡಿಕೆ ಸುಲಿಯಲಿಕ್ಕೆ ಕೂರುತ್ತೇನೆ ಅಂದ. ನಡುಗುವ ಕೈಗೆ ಕತ್ತಿ ಬೇಡ ಅಂತ ಭಾವ ಬೆಟ್ಟಕ್ಕೆ ಕರೆದುಕೊಂಡು ಹೋದರು, ದರಕು ಗುಡಿಸಲಿಕ್ಕೆ. ಸೊಪ್ಪಿನಬೆಟ್ಟ ಗೊತ್ತಿಲ್ಲದವರಿಗೆ: ನಮ್ಮಲ್ಲಿ ತೋಟದ ಗೊಬ್ಬರಕ್ಕೆ ಸೊಪ್ಪು, ದರಕು ತರಲಿಕ್ಕೆ ಬಿಟ್ಟ ಕಾಡು ಅದು. ಒಣ ಎಲೆ ಗುಡಿಸು, ಹೆಡಿಗೆಗೆ ತುಂಬು, ಕಾಲಲ್ಲಿ ಒತ್ತು, ಮತ್ತೆ ತುಂಬು, ಹೊತ್ತು ಇಳಿ. ಗಮನವೆಲ್ಲ ಬೆನ್ನುಮೂಳೆಯಿಂದ ಕಾಲಿಗೆ ಇಳಿಯುತ್ತದೆ, ಇಲ್ಲದಿದ್ದರೆ ಧರೆಯಲ್ಲಿ ಜಾರುತ್ತದೆ! ಸಂಜೆ ಎಣ್ಣೆ ಹಚ್ಚಿ ಬಚ್ಚಲ ಹಂಡೆಯ ಹದ ಬಿಸಿನೀರು. 'ತಲೆಯೊಳಗಿನ ಸದ್ದು ಬೆಟ್ಟದಲ್ಲಿದ್ದಾಗ ಸ್ವಲ್ಪ ಕಡಿಮೆ' ಅಂತ ಅವನೇ ಹೇಳಿದ.

ಆದರೆ ಊಟ, ದರಕು ಇಷ್ಟರಲ್ಲೇ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ನಿದ್ದೆ ಬರಲಿಲ್ಲ. ಮನೋವೈದ್ಯರ ಹತ್ತಿರ ಹೋದೆವು. ಅದಕ್ಕೂ ಮನೆಯಲ್ಲಿ ರಾಮಾಯಣ. ಮಾತ್ರೆ ತಿಂದರೆ ಶಕ್ತಿ ಕೆಳಗೆ ಬಿದ್ದುಹೋಗುತ್ತದೆ ಅಂತ ಹುಡುಗನಿಗೆ ಭಯ. ಊರಲ್ಲಿ ಹೆಣ್ಣು ಯಾರು ಕೊಡುತ್ತಾರೆ ಅಂತ ದೊಡ್ಡವರಿಗೆ ಭಯ. ಡಾಕ್ಟರು ನಗಲಿಲ್ಲ, ಬೈಯಲಿಲ್ಲ. ಏನೇನು ಅಭ್ಯಾಸ, ಎಷ್ಟು ನಿದ್ದೆ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿತ್ತಾ ಅಂತ ಕೇಳಿದರು. ರಕ್ತ ಪರೀಕ್ಷೆ ಮಾಡಿಸಿದರು. ನಿದ್ದೆ ಹಿಡಿಯಲಿಕ್ಕೆ ಮಾತ್ರೆ ಕೊಟ್ಟರು. ತಾನಾಗಿ ನಿಲ್ಲಿಸಬಾರದು ಅಂತ ಗಟ್ಟಿಯಾಗಿ ಹೇಳಿದರು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲೂ 1994ರಿಂದ 'ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ' ಅಂತ ಒಂದು ಬೇರೆ ವಿಭಾಗ ಇದೆ, ಅದನ್ನು ಕಾಯಿಲೆಯ ಲೆಕ್ಕಕ್ಕೆ ಸೇರಿಸಿಲ್ಲ. ಡಾಕ್ಟರ ಹತ್ತಿರ ಹೋದ ತಕ್ಷಣ ಹುಚ್ಚ ಅನ್ನೋ ಚೀಟಿ ಅಂಟುತ್ತದೆ ಅಂತ ಹೆದರಬೇಡಿ.

ದಿನಗಟ್ಟಲೆ ನಿದ್ದೆ ಇಲ್ಲದೆಯೂ ದಣಿವೇ ಇಲ್ಲ, ದುಡ್ಡು ಎಸೆಯುತ್ತಿದ್ದಾರೆ, ಯಾರೋ ಆಜ್ಞೆ ಕೊಟ್ಟ ಹಾಗೆ ದನಿ ಕೇಳುತ್ತದೆ, ಸಾಯುವ ಮಾತಾಡುತ್ತಾರೆ ಅಂದರೆ ಬೆಟ್ಟವೂ ಬೇಡ, ತಂಬುಳಿಗೂ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಮ್ಮ ಕಡೆಯವರಿಗೆ ಘಟ್ಟ ಇಳಿದು ಕಾರವಾರಕ್ಕೆ ಹೋಗುವುದಕ್ಕಿಂತ ಹುಬ್ಬಳ್ಳಿ ರೂಢಿ, ಎಲ್ಲಾದರೂ ಸರಿ. ರಾತ್ರಿ ಹೊತ್ತು ಏನು ಮಾಡಬೇಕು ಅಂತ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹುಡುಗ ಈಗ ಮಲಗುತ್ತಾನೆ. ಬೆನ್ನಲ್ಲಿ ಆಗೊಮ್ಮೆ ಈಗೊಮ್ಮೆ ಬಿಸಿ ಹರಿಯುತ್ತದಂತೆ, ಅದನ್ನು ಹಿಂಬಾಲಿಸಿ ಹೋಗುವುದಿಲ್ಲ. ಡಾಕ್ಟರು ಒಪ್ಪಿದ ಮೇಲೆ ನನ್ನ ಹತ್ತಿರ ಬರುತ್ತಾನೆ. ಸುಲಭದ ಆಸನ, ಉಸಿರನ್ನು ನಿಧಾನ ಬಿಡುವುದು, ಇಷ್ಟೇ. ಉಸಿರು ಕಟ್ಟುವ ಹಾಗಿಲ್ಲ. ಮೊನ್ನೆ 'ಚಿಕ್ಕಿ, ಕುಂಭಕ ಯಾವಾಗ ಶುರು ಮಾಡ್ಲಿ?' ಅಂತ ಕೇಳಿದ. ಮುಂದಿನ ಮಾರಿಕಾಂಬಾ ಜಾತ್ರೆ ಮುಗೀಲಿ, ಆಮೇಲೆ ನೋಡೋಣ ಅಂದೆ. ಜಾತ್ರೆ ಎರಡು ವರ್ಷಕ್ಕೊಮ್ಮೆ ಅಂತ ಅವನಿಗೂ ಗೊತ್ತು.