ಸುನಿಲ್ ಗೆದ್ದದ್ದಾದರೂ ಏನು ಎಂದು ಕೇಳಿದವರಿಗೆ

ಕಳೆದ ವಾರ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಹಾಕಿಯ ಮಾತು ಬಂತು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗೆದ್ದ ದಿನವೇ ಗೋಲ್‌ಕೀಪರ್ ಶ್ರೀಜೇಶ್ ಆಟಕ್ಕೆ ವಿದಾಯ ಹೇಳಿದ ಸೊಗಸನ್ನು ಎಲ್ಲರೂ ನೆನೆಯುತ್ತಿದ್ದಾಗ, ನಾನು ಅವರದೇ ತಲೆಮಾರಿನ ಮುಂಚೂಣಿ ಆಟಗಾರ ಎಸ್.ವಿ. ಸುನಿಲ್ ಅವರ ಹೆಸರೆತ್ತಿದೆ. ಪಕ್ಕದಲ್ಲಿ ಕುಳಿತಿದ್ದ, ನಾನು ಚಿಕ್ಕಪ್ಪ ಎಂದು ಕರೆಯುವ ಹಿರಿಯರು, "ನಮ್ಮ ಕೊಡಗಿನ ಹುಡುಗ ಎಂಬ ಅಭಿಮಾನ ಇರಲಿ ಮಾರಾಯ, ಆದರೆ ಸುನಿಲ್ ಗೆದ್ದದ್ದಾದರೂ ಏನು?" ಎಂದರು. ಅಷ್ಟರಲ್ಲಿ ಪಾಯಸ ಬಂತು, ಮಾತು ಬೇರೆಡೆಗೆ ಹೊರಳಿತು. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಸುನಿಲ್ ಅವರು ನಿವೃತ್ತಿ ಘೋಷಿಸಿದ್ದು 2021ರ ಅಕ್ಟೋಬರ್ 1ರಂದು. ಅದರ ಹಿಂದಿನ ದಿನವಷ್ಟೇ ರೂಪಿಂದರ್ ಪಾಲ್ ಸಿಂಗ್ ಮತ್ತು ಬೀರೇಂದ್ರ ಲಾಕ್ರಾ ವಿದಾಯ ಹೇಳಿದ್ದರು. ಅವರಿಬ್ಬರ ಕೊರಳಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಕಂಚು ಇತ್ತು, ಸುನಿಲ್ ಅವರ ಕೊರಳಲ್ಲಿ ಇರಲಿಲ್ಲ. ಪತ್ರಿಕೆಗಳು ಮೂವರನ್ನೂ ಒಂದೇ ಸುದ್ದಿಯ ಮುಂದುವರಿಕೆಯೆಂಬಂತೆ ಅಚ್ಚು ಹಾಕಿದವು, ಮರುದಿನ ಗಾಂಧಿ ಜಯಂತಿಯ ಸುದ್ದಿಗಳ ನಡುವೆ ಅದು ಮಾಸಿಹೋಯಿತು. ವಿದಾಯದ ಪಂದ್ಯವಿಲ್ಲ, ಹೆಗಲ ಮೇಲೆ ಹೊತ್ತು ಸುತ್ತು ಹಾಕಿದವರಿಲ್ಲ. ಸಾಮಾಜಿಕ ಜಾಲತಾಣದಲ್ಲಿ ಅವರೇ ಬರೆದುಕೊಂಡ ಒಂದು ಪುಟದಷ್ಟು ಮಾತು, ಅಷ್ಟೇ. ದೇಹವೂ ಹೃದಯವೂ ಇನ್ನೂ ಆಡಬಹುದು ಎನ್ನುತ್ತಿವೆ, ಆದರೆ ಮನಸ್ಸು ಸಾಕು ಎನ್ನುತ್ತಿದೆ ಎಂಬರ್ಥದ ಮಾತು ಅದರಲ್ಲಿತ್ತು. ಒಲಿಂಪಿಕ್ ಪದಕ ತನ್ನಿಂದ ಆಗಲಿಲ್ಲ ಎಂಬ ಕೊರಗನ್ನು ಅವರು ಮುಚ್ಚಿಡಲಿಲ್ಲ, ಗೆದ್ದ ಗೆಳೆಯರ ಬಗ್ಗೆ ಕಹಿಯನ್ನೂ ತೋರಲಿಲ್ಲ.

ಚಿಕ್ಕಪ್ಪನ ಪ್ರಶ್ನೆಯ ಹಿಂದೆ ಒಂದು ಲೆಕ್ಕವಿದೆ, ಅದನ್ನು ಮೊದಲು ಎದುರಿಸಬೇಕು. 264 ಅಂತರರಾಷ್ಟ್ರೀಯ ಪಂದ್ಯಗಳು, 72 ಗೋಲುಗಳು. ಮುಂಚೂಣಿಯ ಆಟಗಾರನಿಗೆ ಈ ಸಂಖ್ಯೆ ದೊಡ್ಡದಲ್ಲ ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಆ ಕಾಲದ ಭಾರತ ತಂಡ ಗೋಲು ಹೊಡೆಯುತ್ತಿದ್ದ ಬಗೆಯನ್ನು ನೋಡಿದವರು ಈ ಲೆಕ್ಕವನ್ನು ಬೇರೆ ರೀತಿಯಲ್ಲಿ ಓದುತ್ತಾರೆ. ಸಂದೀಪ್ ಸಿಂಗ್, ನಮ್ಮವರೇ ಆದ ವಿ.ಆರ್. ರಘುನಾಥ್, ರೂಪಿಂದರ್, ಅನಂತರ ಹರ್ಮನ್‌ಪ್ರೀತ್ - ಇವರೆಲ್ಲ ಪೆನಾಲ್ಟಿ ಕಾರ್ನರ್‌ನಲ್ಲಿ, ಅಂದರೆ ಎದುರಾಳಿ ತನ್ನ ಗೋಲಿನ ಬಳಿ ತಪ್ಪು ಮಾಡಿದಾಗ ಸಿಗುವ ಅವಕಾಶದಲ್ಲಿ, ಡ್ರ್ಯಾಗ್ ಫ್ಲಿಕ್ ಮಾಡಿ (ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಚಿಮ್ಮಿಸಿ) ಗೋಲು ತಂದವರು. ಪೆನಾಲ್ಟಿ ಕಾರ್ನರ್ ಆಕಾಶದಿಂದ ಉದುರುವುದಿಲ್ಲವಲ್ಲ! ಯಾರೋ ಒಬ್ಬರು ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಮೈದಾನದ ಅಂಚಿನಲ್ಲಿ ಓಡಿ, ಬೇಸ್‌ಲೈನ್ ಮುಟ್ಟುವ ಮುನ್ನ ಒಳಕ್ಕೆ ತಿರುಗಿ, ಗೋಲಿನ ಮುಂದಿನ ಅರ್ಧವೃತ್ತವಾದ ಸರ್ಕಲ್ಲಿನೊಳಗೆ ಎದುರಾಳಿ ಡಿಫೆಂಡರ್ ತಪ್ಪು ಮಾಡಲೇಬೇಕಾದ ಸ್ಥಿತಿಗೆ ತಂದು ನಿಲ್ಲಿಸಬೇಕು. ಚೆಂಡು ಡಿಫೆಂಡರ್‌ನ ಕಾಲಿಗೆ ತಾಗಿತೋ, ಅಂಪೈರ್ ಕೈ ಎತ್ತಿದರು. ಗೋಲು ಬಿದ್ದಾಗ ಫಲಕದಲ್ಲಿ ಬರುವ ಹೆಸರು ಫ್ಲಿಕ್ ಮಾಡಿದವರದು. ಬಲ ಅಂಚಿನಲ್ಲಿ ಐವತ್ತು ಮೀಟರ್ ಓಡಿ ಬಂದು, ಸೊಂಟಕ್ಕೆ ಕೈಯಿಟ್ಟು ಏದುಸಿರು ಬಿಡುತ್ತಿರುವವರ ಹೆಸರನ್ನು ಬರೆಯಲು ಸ್ಕೋರ್ ಪಟ್ಟಿಯಲ್ಲಿ ಜಾಗವೇ ಇಲ್ಲ.

ಆ ಓಟವನ್ನು ನೇರವಾಗಿ ಕಂಡವರು ಮರೆಯುವುದಿಲ್ಲ. ಟಿ.ವಿ.ಯ ಕ್ಯಾಮೆರಾ ಚೆಂಡನ್ನು ಹಿಂಬಾಲಿಸುತ್ತದೆಯಾದ್ದರಿಂದ ಅದರ ಅರ್ಧದಷ್ಟು ಮಾತ್ರ ನಮಗೆ ಕಾಣುತ್ತದೆ. ಚೆಂಡು ಇನ್ನೂ ಎಡಗಡೆ ಇರುವಾಗಲೇ ಬಲಗಡೆಯಲ್ಲಿ ಸುನಿಲ್ ಓಟಕ್ಕೆ ತೊಡಗಿ, ತಮ್ಮ ಹಿಂದೆ ಒಬ್ಬಿಬ್ಬರು ಡಿಫೆಂಡರ್‌ಗಳನ್ನು ಎಳೆದೊಯ್ದು, ನಡುವೆ ಆಕಾಶದೀಪ್‌ಗೋ ರಮಣದೀಪ್‌ಗೋ ಜಾಗ ಮಾಡಿಕೊಡುತ್ತಿದ್ದದ್ದು ಗ್ಯಾಲರಿಯಲ್ಲಿ ಕುಳಿತವರಿಗೆ ಮಾತ್ರ ಗೊತ್ತು. ಫ್ರೀ ಹಿಟ್ ಸಿಕ್ಕವರು ಚೆಂಡನ್ನು ಮತ್ತೊಬ್ಬರಿಗೆ ಕೊಡದೆ ತಾವೇ ಮುಟ್ಟಿ ಓಡಬಹುದಾದ ಸೆಲ್ಫ್ ಪಾಸ್ ನಿಯಮ 2009ರಲ್ಲಿ ಬಂದ ಮೇಲಂತೂ ಇಂಥ ಆಟಗಾರರ ಬೆಲೆ ಹೆಚ್ಚಿತು. ಫೌಲ್ ಮಾಡಿದ ಡಿಫೆಂಡರ್ ತಿರುಗಿ ನೋಡುವಷ್ಟರಲ್ಲಿ ಸುನಿಲ್ ಹತ್ತು ಹೆಜ್ಜೆ ಮುಂದಿರುತ್ತಿದ್ದರು. ಹಾಗೆ ಅವಸರದಲ್ಲಿ ಸರ್ಕಲ್ ಮುಟ್ಟಿ, ಕೊನೆಯ ಪಾಸಿನಲ್ಲಿ ಎಡವಿದ ದಿನಗಳೂ ಇದ್ದವು. ಅಂಥ ದಿನಗಳಲ್ಲಿ ನಾನೂ ಟಿ.ವಿ.ಯ ಮುಂದೆ ಕುಳಿತು ಬೈದಿದ್ದೇನೆ. ಅಭಿಮಾನಿಯೆಂದರೆ ಅಷ್ಟು ಹಕ್ಕು ಇದ್ದೇ ಇರುತ್ತದೆ.

ಇನ್ನು ಗೆಲುವಿನ ಮಾತು. ಸುನಿಲ್ ತಂಡಕ್ಕೆ ಬಂದದ್ದು 2007ರಲ್ಲಿ, ಚೆನ್ನೈನಲ್ಲಿ ನಡೆದ ಏಷ್ಯಾ ಕಪ್‌ಗೆ, ಹದಿನೆಂಟರ ವಯಸ್ಸಿನಲ್ಲಿ. ಭಾರತ ಆ ಕಪ್ ಗೆದ್ದಿತು. ಮರುವರ್ಷವೇ ಚಿಲಿಯ ಸ್ಯಾಂಟಿಯಾಗೊದಲ್ಲಿ ಬ್ರಿಟನ್ ಎದುರು ಸೋತ ಭಾರತ, ಎಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. 2012ರ ಲಂಡನ್‌ನಲ್ಲಿ ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ, ಒಂದೂ ಗೆಲುವಿಲ್ಲ. ಹಾಕಿ ಸತ್ತುಹೋಯಿತೆಂದು ನಮ್ಮಲ್ಲಿ ಅನೇಕರು ತಿಥಿಯೂಟಕ್ಕೆ ಕುಳಿತೇಬಿಟ್ಟಿದ್ದ ಕಾಲವದು. ಬ್ರಾಸಾ, ನಾಬ್ಸ್, ವಾಲ್ಶ್, ವಾನ್ ಆಸ್, ಓಲ್ಟ್‌ಮನ್ಸ್, ಮರೈನ್, ಹರೇಂದ್ರ, ರೀಡ್ ಎಂದು ಕೋಚ್‌ಗಳು ಬರುತ್ತ ಹೋಗುತ್ತ ಇದ್ದರು. ಒಬ್ಬೊಬ್ಬರದೂ ಒಂದೊಂದು ಪದ್ಧತಿ, ಒಬ್ಬರು ಕಲಿಸಿದ್ದನ್ನು ಇನ್ನೊಬ್ಬರು ಮರೆಸುತ್ತಿದ್ದರು. ಬಲ ಅಂಚಿನ ಓಟ ಮಾತ್ರ ಎಲ್ಲರಿಗೂ ಬೇಕಾಗಿತ್ತು.

2014ರ ಅಕ್ಟೋಬರ್ 2ರಂದು ಇಂಚಾನ್‌ನಲ್ಲಿ ಏಷ್ಯನ್ ಗೇಮ್ಸ್ ಫೈನಲ್. ಗಾಂಧಿ ಜಯಂತಿಯ ರಜೆಯಾದ್ದರಿಂದ ನಾವು ಆರೇಳು ಮಂದಿ ಮೈಸೂರಿನ ಗೆಳೆಯನೊಬ್ಬನ ಮನೆಯಲ್ಲಿ ಸೇರಿದ್ದೆವು. ಪಾಕಿಸ್ತಾನ ಮೊದಲ ನಿಮಿಷಗಳಲ್ಲೇ ಗೋಲು ಹೊಡೆದಾಗ ಗೆಳೆಯನ ತಾಯಿ, "ಇನ್ನು ನೋಡೋದೇನಿದೆ, ಊಟಕ್ಕೆ ಬನ್ನಿ" ಎಂದು ಕರೆದದ್ದು, ಕೊಥಾಜಿತ್ ಸಮಬಲ ಸಾಧಿಸಿದ ಮೇಲೆ ಅವರೇ ಬಂದು ಕುರ್ಚಿಯ ತುದಿಯಲ್ಲಿ ಕುಳಿತದ್ದು ನೆನಪಿದೆ. ಶೂಟೌಟ್‌ನಲ್ಲಿ ಶ್ರೀಜೇಶ್ ತಡೆದು ನಿಂತರು, ಭಾರತ 4-2ರಿಂದ ಗೆದ್ದಿತು. ಹದಿನಾರು ವರ್ಷಗಳ ಬಳಿಕ ಬಂದ ಆ ಚಿನ್ನದ ಜೊತೆಗೆ ರಿಯೊ ಒಲಿಂಪಿಕ್ಸ್‌ಗೆ ನೇರ ಅರ್ಹತೆಯೂ ಬಂತು. 2016 ಮತ್ತು 2018ರ ಚಾಂಪಿಯನ್ಸ್ ಟ್ರೋಫಿಯ ಬೆಳ್ಳಿ, 2017ರ ಏಷ್ಯಾ ಕಪ್, ಅದೇ ವರ್ಷ ಅರ್ಜುನ ಪ್ರಶಸ್ತಿ, ಏಷ್ಯಾದ ವರ್ಷದ ಆಟಗಾರ ಎಂಬ ಗೌರವ - ಇವನ್ನೆಲ್ಲ ಚಿಕ್ಕಪ್ಪನ ಮುಂದೆ ಪಟ್ಟಿ ಮಾಡಬಹುದು. ಆದರೆ ನನ್ನ ವಾದ ಪಟ್ಟಿಯನ್ನು ನೆಚ್ಚಿಕೊಂಡಿಲ್ಲ. ಹನ್ನೆರಡನೆಯ ಸ್ಥಾನದ ತಂಡವೊಂದು ಒಂಬತ್ತು ವರ್ಷಗಳಲ್ಲಿ ಮೂರನೆಯ ಸ್ಥಾನಕ್ಕೆ ಏರಿದ ದಾರಿಯಲ್ಲಿ, ಕೊನೆಯ ಮೆಟ್ಟಿಲೊಂದನ್ನು ಬಿಟ್ಟು ಉಳಿದ ಬಹುತೇಕ ಮೆಟ್ಟಿಲುಗಳಲ್ಲಿ ಈ ಮನುಷ್ಯ ಇದ್ದರು ಎಂಬುದು ನನ್ನ ವಾದ.

ಆ ಕೊನೆಯ ಮೆಟ್ಟಿಲಿನದೇ ಸಂಕಟ. 2018ರಲ್ಲಿ ಮೊಣಕಾಲಿನ ಗಾಯದಿಂದಾಗಿ ಅವರು ಭುವನೇಶ್ವರದ ವಿಶ್ವಕಪ್ ಆಡಲಾಗಲಿಲ್ಲ. ಓಟವನ್ನೇ ಬಂಡವಾಳ ಮಾಡಿಕೊಂಡವರಿಗೆ ಮೊಣಕಾಲು ಕೈಕೊಟ್ಟರೆ ಅಲ್ಲಿಗೆ ಮುಗಿಯಿತು ಎಂದು ನಾವೆಲ್ಲ ಅಂದುಕೊಂಡೆವು. ಅವರು ಮರಳಿ ಬಂದರು. 2019ರ ನವೆಂಬರ್‌ನಲ್ಲಿ ರಷ್ಯಾ ಎದುರು ನಡೆದ ಒಲಿಂಪಿಕ್ ಅರ್ಹತಾ ಪಂದ್ಯದಲ್ಲಿ ಗೋಲನ್ನೂ ಹೊಡೆದರು. ಟೋಕಿಯೊ ಬಾಗಿಲು ತೆರೆದ ಕೈಗಳಲ್ಲಿ ಅವರದೂ ಒಂದು. ಆಮೇಲೆ ಕೊರೊನಾ ಬಂತು, ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಹೋಯಿತು. ಇಪ್ಪತ್ತೆರಡರ ಹುಡುಗನಿಗೆ ಆ ಒಂದು ವರ್ಷ ವರವಾದರೆ, ಮೂವತ್ತೊಂದು ದಾಟಿದ ಓಟಗಾರನಿಗೆ ಅದು ಏನೆಂದು ಬಿಡಿಸಿ ಹೇಳಬೇಕಿಲ್ಲ. 2021ರ ಜೂನ್‌ನಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆಯ್ಕೆಯಲ್ಲಿ ಅನ್ಯಾಯವಾಯಿತೆಂದು ನಾನು ಹೇಳಲಾರೆ, ಹೋದ ಹುಡುಗರು ಜರ್ಮನಿಯನ್ನು 5-4ರಿಂದ ಸೋಲಿಸಿ ನಲವತ್ತೊಂದು ವರ್ಷಗಳ ಬಳಿಕ ಪದಕ ತಂದಾಗ ಅಂಥ ತಕರಾರಿಗೆ ಜಾಗವೂ ಉಳಿಯಲಿಲ್ಲ. ಆ ಬೆಳಿಗ್ಗೆ ಕಣ್ಣು ಒದ್ದೆಯಾದದ್ದು ಸಂತೋಷಕ್ಕೆ. ಅದರಲ್ಲಿ ಒಂದಿಷ್ಟು ಬೇರೆಯದೂ ಬೆರೆತಿತ್ತು.

ಅವರ ಊರಿನ ವಿಷಯವನ್ನು ಹೇಳದಿದ್ದರೆ ಈ ಬರಹ ಪೂರ್ತಿಯಾಗುವುದಿಲ್ಲ. ಕೊಡಗಿನ ಹಾಕಿಯೆಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಹಬ್ಬ. ಅದು ಹೆಮ್ಮೆಯ ಸಂಗತಿಯೇ. ಆದರೆ ಸೋಮವಾರಪೇಟೆಯ ಪಾಲನ್ನು ಮರೆಯಬಾರದು. ಅರ್ಜುನ್ ಹಾಲಪ್ಪ ಅಲ್ಲಿಯವರೇ, ಸುನಿಲ್ ಅಲ್ಲಿಯವರೇ. ಸುನಿಲ್ ಮರಗೆಲಸದವರ ಮಗ, ಬಿದಿರಿನ ಕೋಲು ಹಿಡಿದು ಆಟ ಕಲಿತವರು. 2009ರಲ್ಲಿ ಅಜ್ಲಾನ್ ಷಾ ಕಪ್‌ಗೆ ಮಲೇಷ್ಯಾಕ್ಕೆ ಹೋಗಿದ್ದಾಗ ತಂದೆ ತೀರಿಕೊಂಡರು, ಅವರು ತಂಡದೊಂದಿಗೇ ಉಳಿದು ಆಡಿದರು, ಭಾರತ ಆ ಕಪ್ ಗೆದ್ದಿತು. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ರಿಯೊಗೆ ಹೋದ ಹದಿನಾರು ಜನರಲ್ಲಿ ರಘುನಾಥ್, ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ, ಸುನಿಲ್ ಎಂದು ನಾಲ್ವರು ಕೊಡಗಿನವರಿದ್ದರು. ಟೋಕಿಯೊ ತಂಡದಲ್ಲಿ ಕರ್ನಾಟಕದ ಒಬ್ಬ ಆಟಗಾರನೂ ಇರಲಿಲ್ಲ, ಪ್ಯಾರಿಸ್ ತಂಡದಲ್ಲೂ ಇರಲಿಲ್ಲ. ಎಂ.ಪಿ. ಗಣೇಶ್, ಗೋವಿಂದ, ಸೋಮಯ್ಯ ಅವರ ಕಾಲದಿಂದ ಹಾಕಿಯನ್ನು ಮನೆಯ ಆಟವೆಂದುಕೊಂಡವರಿಗೆ ಸುನಿಲ್ ನಿವೃತ್ತಿ ಒಬ್ಬರ ನಿರ್ಗಮನದಂತೆ ಮಾತ್ರ ಕಾಣದಿರಲು ಇದೇ ಕಾರಣ. ಅವರ ಹಿಂದೆ ಆ ಅಂಚಿನಲ್ಲಿ ಓಡಿ ಬರುವವರು ಯಾರು ಎಂದು ಹುಡುಕಿದ ಕಣ್ಣಿಗೆ ಬಹಳ ಕಾಲ ಯಾರೂ ಕಾಣಲಿಲ್ಲ.

ನಡುವೆ ಒಂದು ಸಣ್ಣ ತಿರುವು ಬಂದದ್ದನ್ನು ಅನೇಕರು ಗಮನಿಸಿರಲಿಕ್ಕಿಲ್ಲ. 2022ರ ಮೇ ತಿಂಗಳಲ್ಲಿ ಜಕಾರ್ತದ ಏಷ್ಯಾ ಕಪ್‌ಗೆ ಹೊಸಬರ ತಂಡವೊಂದನ್ನು ಕಳಿಸುವಾಗ ಸುನಿಲ್ ಅವರನ್ನು ಮತ್ತೆ ಕರೆದರು, ಅವರು ಬಂದರು. ಕೋಚ್ ಸ್ಥಾನದಲ್ಲಿ ಹಳೆಯ ಸಹ ಆಟಗಾರ ಸರ್ದಾರ್ ಸಿಂಗ್. ತಂಡದಲ್ಲಿ ಕರ್ನಾಟಕದವರೇ ಆದ ಆಭರಣ್ ಸುದೇವ್ ಮತ್ತು ಶೇಷೇಗೌಡ. ಮುಂದಿನ ಸುತ್ತಿಗೆ ಹೋಗಲು ಇಂಡೊನೇಷ್ಯಾವನ್ನು ಕನಿಷ್ಠ ಹದಿನೈದು ಗೋಲುಗಳ ಅಂತರದಿಂದ ಸೋಲಿಸಬೇಕಿದ್ದ ಪಂದ್ಯದಲ್ಲಿ ಹುಡುಗರು 16-0ರಿಂದ ಗೆದ್ದರು, ಕೊನೆಗೆ ಜಪಾನನ್ನು ಸೋಲಿಸಿ ಕಂಚು ತಂದರು. ಚಿಕ್ಕಪ್ಪನಿಗೆ ನಿನ್ನೆ ಇಂಡೊನೇಷ್ಯಾ ಎದುರಿನ ಆ ಪಂದ್ಯದ ವಿಡಿಯೊ ಕಳಿಸಿದೆ. ರಾತ್ರಿ ಫೋನ್ ಮಾಡಿದವರು ಗೋಲುಗಳ ಮಾತೆತ್ತಲಿಲ್ಲ. "ಮೂವತ್ತಮೂರರ ಪ್ರಾಯದಲ್ಲೂ ಹಾಗೆ ಓಡ್ತಾರಲ್ಲ ಮಾರಾಯ, ಆ ಹುಡುಗರೇ ಹಿಂದೆ ಬೀಳ್ತಾರೆ" ಎಂದರು. ಹಳೆಯ ಪಂದ್ಯಗಳು ಇದ್ದರೆ ಕಳಿಸು ಎಂದೂ ಹೇಳಿದರು. ಇಂಚಾನ್‌ನದು ಹುಡುಕುತ್ತಿದ್ದೇನೆ.