ಪರ-ವಿರೋಧ: ‘ಸಲಾಂಬೋ’ವನ್ನು ರಾಕ್ ಆಲ್ಬಮ್ ಮಾಡಬೇಕಿತ್ತೇ?

ಪರ: ಕಿವಿಗಾಗಿ ಬರೆದದ್ದು ಕಿವಿಗೇ ಮರಳಿದೆ

ಫ್ರೆಂಚ್ ಕಾದಂಬರಿಕಾರ ಗುಸ್ತಾವ್ ಫ್ಲೋಬೇರ್ ತಾನು ಬರೆದ ವಾಕ್ಯಗಳನ್ನು ಕ್ರುವಾಸೆಯ ಮನೆಯಲ್ಲಿ ಗಂಟಲು ಹರಿಯುವಂತೆ ಓದಿ, ಉಸಿರಿಗೆ ತೊಡರುವುದನ್ನೆಲ್ಲ ಹೊಡೆದುಹಾಕುತ್ತಿದ್ದ. ಈ ಪರೀಕ್ಷೆಗೆ ಆತ ಇಟ್ಟ ಹೆಸರು ‘ಗ್ಯೋಲ್ವಾರ್’, ಅಂದರೆ ಅರಚುವ ತಾಣ. 1862ರಲ್ಲಿ ಪ್ರಕಟವಾದ ‘ಸಲಾಂಬೋ’ ಕಾದಂಬರಿಯ ಮೊದಲ ವಾಕ್ಯವನ್ನೇ ಕೇಳಿ: ‘ಸೆತೆ ತಾ ಮೆಗಾರಾ, ಫೋಬೂರ್ ದ ಕಾರ್ತಾಜ್, ದಾಂ ಲೆ ಜಾರ್ದ್ಯಾಂ ದಾಮಿಲ್ಕಾರ್.’ ಕಾರ್ಥೇಜಿನ ಹೊರವಲಯದ ಮೆಗಾರಾದಲ್ಲಿ, ಹಮಿಲ್ಕರನ ತೋಟಗಳಲ್ಲಿ ಅದು ನಡೆಯಿತು ಎಂಬಷ್ಟೇ ಇದರ ಅರ್ಥ. (ಕಾರ್ಥೇಜ್ ಉತ್ತರ ಆಫ್ರಿಕಾದ ಪ್ರಾಚೀನ ನಗರ; ಹಮಿಲ್ಕರ್ ಅದರ ಸೇನಾನಿ, ಸಲಾಂಬೋ ಆತನ ಮಗಳು.) ಅರ್ಥದಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಮೂರು ಹೆಸರುಗಳ ಆಕಾರ ಒಂದರ ಬೆನ್ನಿಗೊಂದು ಬಂದು ಕಿವಿಗೆ ಬಡಿಯುವುದರಲ್ಲೇ ಎಲ್ಲವೂ ಇದೆ. ಇಂಥ ಗದ್ಯವನ್ನು ಸಂಗೀತಗಾರರು ಮುಟ್ಟಬಾರದು ಎನ್ನುವವರು ಪುಸ್ತಕವನ್ನು ಪೂಜೆಗೆ ಇಟ್ಟುಕೊಂಡವರೇ ಹೊರತು ಓದಿಗೆ ಇಟ್ಟುಕೊಂಡವರಲ್ಲ.

ಸ್ಟ್ರಾಸ್‌ಬೋರ್ಗ್ ನಗರದ ‘ವಪಾಸು’ ತಂಡ 1977ರಲ್ಲಿ ಇದೇ ಕಾದಂಬರಿಯನ್ನು ಎತ್ತಿಕೊಂಡು, ಅದೇ ಹೆಸರಿನ ಆಲ್ಬಮ್ ತಂದಿತು. ಇದು ಅವರ ದುಸ್ಸಾಹಸವೇನೂ ಅಲ್ಲ. ರಷ್ಯಾದ ಮುಸೋರ್ಗ್‌ಸ್ಕಿ 1863ರಲ್ಲೇ ‘ಸಲಾಂಬೋ’ ಆಪೆರಾ ಬರೆಯಲು ಕುಳಿತು ಅರ್ಧಕ್ಕೆ ಬಿಟ್ಟಿದ್ದ. ಏರ್ನೆಸ್ತ್ ರೇಯೇರ್ ರಚಿಸಿದ ಆಪೆರಾ 1890ರಲ್ಲಿ ಬ್ರಸೆಲ್ಸ್‌ನಲ್ಲಿ ರಂಗವೇರಿತು. ಆಪೆರಾ ಆದರೆ ಮಡಿ, ಎಲೆಕ್ಟ್ರಿಕ್ ಗಿಟಾರ್ ಆದರೆ ಮೈಲಿಗೆ ಎಂಬ ಲೆಕ್ಕ ನನಗೆ ಅರ್ಥವಾಗುವುದಿಲ್ಲ.

ಪ್ರೋಗ್ರೆಸಿವ್ ರಾಕ್, ಅಂದರೆ ದೀರ್ಘ, ಸಂಕೀರ್ಣ ರಚನೆಗಳ ರಾಕ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಇಂಗ್ಲೆಂಡಿನ ಅಬ್ಬರ. ಫ್ರೆಂಚರದೇ ಆದ ಜೂಲ್ಸ್ ವರ್ನ್‌ನ ಕಥೆಯನ್ನು ರಿಕ್ ವೇಕ್‌ಮನ್ 1974ರಲ್ಲಿ ಆರ್ಕೆಸ್ಟ್ರಾ, ಗಾಯಕವೃಂದ, ನಿರೂಪಕ ಸಮೇತ ಇಂಗ್ಲಿಷಿನಲ್ಲಿ ವೇದಿಕೆಗೆ ತಂದು ದೊಡ್ಡ ಹೆಸರು ಮಾಡಿದ. ಪೂರ್ವ ಫ್ರಾನ್ಸಿನ ತಂಡಗಳು ಅದೇ ವರ್ಷಗಳಲ್ಲಿ ಬೇರೆ ದಾರಿ ಹಿಡಿದಿದ್ದವು. ಬೆಲ್‌ಫೋರ್ ಪಟ್ಟಣದ ‘ಆಂಜ್’ ತಂಡ ಫ್ರೆಂಚ್ ಭಾಷೆಯಲ್ಲೇ ಹಾಡಿ, ನಾಟಕದ ಮಾತಿನ ಗತ್ತನ್ನು ರಾಕ್‌ಗೆ ತಂದಿತು. ವಪಾಸು ತಂಡದ್ದು ಇನ್ನೂ ವಿಚಿತ್ರ: ಕೀಬೋರ್ಡ್, ಗಿಟಾರ್, ಪಿಟೀಲು, ಇಷ್ಟೇ. ಡ್ರಮ್ಸ್ ಇಲ್ಲವೇ ಇಲ್ಲ. ಕಂಠ ಬಂದರೂ ಮೇಲುಗೈ ವಾದ್ಯಗಳದೇ.

ನನ್ನ ಪಕ್ಷಪಾತದ ಮೂಲವನ್ನೂ ಹೇಳಿಬಿಡುತ್ತೇನೆ. ಓದಿಗೆಂದು ಸ್ಟ್ರಾಸ್‌ಬೋರ್ಗಿನಲ್ಲಿದ್ದ ಎರಡು ವರ್ಷಗಳಲ್ಲಿ ‘ಸಲಾಂಬೋ’ವನ್ನು ಎರಡು ಸಲ ಕೈಗೆತ್ತಿಕೊಂಡು, ಎರಡು ಸಲವೂ ಎರಡನೆಯ ಅಧ್ಯಾಯದಲ್ಲೇ ಕೈಬಿಟ್ಟಿದ್ದೆ. ಬಾಡಿಗೆ ಸೈನಿಕರ ಕುಲಗಳು, ಆಯುಧಗಳು, ರತ್ನಗಳು, ದೇವತೆಗಳು. ಪಟ್ಟಿಯ ಮೇಲೆ ಪಟ್ಟಿ. ಒಂದು ಶನಿವಾರ ಹಳೆಯ ಸಾಮಾನಿನ ಸಂತೆಯಲ್ಲಿ, ಮೂಲೆ ಮಡಚಿದ ಕವರಿನೊಳಗೆ ಈ ರೆಕಾರ್ಡ್ ಸಿಕ್ಕಿತು. ಹೆಸರು ನೋಡಿ ಕೊಂಡೆನೇ ಹೊರತು ತಂಡದ ಪರಿಚಯ ನನಗಿರಲಿಲ್ಲ. ಕೋಣೆಯ ಹೀಟರ್ ಕೆಟ್ಟಿದ್ದ ಆ ವಾರ, ಕಂಬಳಿ ಹೊದ್ದು, ಗೆಳೆಯನ ಟರ್ನ್‌ಟೇಬಲ್ ಮೇಲೆ ಅದನ್ನು ತಿರುಗಿಸುತ್ತ ಪುಸ್ತಕ ತೆರೆದೆ. ತಾಳ ಹಿಡಿದು ಮುಂದಕ್ಕೆ ದೂಡುವ ಡ್ರಮ್ಸ್ ಇಲ್ಲದ್ದರಿಂದ ಕಾಲ ನಿಂತಂತಾಗಿ, ಆರ್ಗನ್ನಿನ ಒಂದೇ ಸ್ವರಗುಚ್ಛದ ಮೇಲೆ ಪಿಟೀಲು ಸುತ್ತಿ ಸುತ್ತಿ ಬರುತ್ತಿದ್ದಾಗ, ನನಗೆ ಬೇಸರ ತಂದಿದ್ದ ಆ ಪಟ್ಟಿಗಳು ಮಂತ್ರದಂತೆ ಕೇಳಿಸತೊಡಗಿದವು. ತಾನಿತ್ ದೇವಿಯ ಪವಿತ್ರ ವಸ್ತ್ರವನ್ನು ಕದಿಯಲು ದಂಗೆಯೆದ್ದ ಬಾಡಿಗೆ ಸೈನಿಕರ ಮುಖಂಡರಾದ ಮಾತೋ ಮತ್ತು ಸ್ಪೆಂಡಿಯುಸ್ ಕಾಲುವೆಯ ಮೂಲಕ ನಗರಕ್ಕೆ ನುಸುಳುವ ರಾತ್ರಿಯನ್ನು ನಾನು ಒಂದೇ ಉಸಿರಿಗೆ ಓದಿದೆ. ಹದಿನೈದೂ ಅಧ್ಯಾಯ ಮುಗಿಯುವಷ್ಟರಲ್ಲಿ ರೆಕಾರ್ಡಿನ ಎರಡನೆಯ ಬದಿಯಲ್ಲಿ ಗೀಚು ಬಿದ್ದಿತ್ತು. ಗೆಳೆಯ ಅದಕ್ಕಾಗಿ ಇಂದಿಗೂ ತನ್ನ ಸೂಜಿಯನ್ನೇ ದೂರುತ್ತಾನೆ.

ವಿಮರ್ಶಕ ಸೇಂತ್-ಬವ್‌ಗೆ ಉತ್ತರಿಸುವಾಗ ಫ್ಲೋಬೇರ್, ಪ್ರತಿಮೆಗಿಂತ ಪೀಠ ದೊಡ್ಡದಾಯಿತು ಎಂದು ತಾನೇ ಒಪ್ಪಿಕೊಂಡಿದ್ದ; ಸಲಾಂಬೋಳ ಬಗ್ಗೆಯೇ ಇನ್ನೂ ನೂರು ಪುಟ ಬೇಕಿತ್ತು ಎಂಬುದು ಆತನ ಕೊರಗು. ಆ ನೂರು ಪುಟಗಳನ್ನು ನಾನು ಪಿಟೀಲಿನಲ್ಲಿ ಕೇಳಿದ್ದೇನೆ.

ವಿರೋಧ: ಮಾತನ್ನು ಬಿಟ್ಟು ಮೆರವಣಿಗೆ

ವಿರೋಧದ ಪಕ್ಷವನ್ನು ಸಂಪಾದಕರು ನನಗೆ ವಹಿಸಿದ್ದಾರೆ. ಈ ಆಲ್ಬಮ್‌ನ ಮೊದಲ ಬದಿ ನನಗೂ ಹಿಡಿಸಿತು ಎಂಬುದನ್ನು ಮೊದಲೇ ಹೇಳಿ, ಒಪ್ಪಿಕೊಂಡ ಕೆಲಸಕ್ಕೆ ಬರುತ್ತೇನೆ.

ಕಾದಂಬರಿ ಪ್ರಕಟವಾದ 1862ರಲ್ಲೇ ಫ್ಲೋಬೇರ್ ಒಂದು ಪತ್ರದಲ್ಲಿ, ತಾನು ಬದುಕಿರುವವರೆಗೆ ತನ್ನ ಕೃತಿಗೆ ಚಿತ್ರ ಬರೆಸಲು ಬಿಡುವುದಿಲ್ಲ ಎಂದು ಖಂಡತುಂಡವಾಗಿ ತಿಳಿಸಿದ್ದ. ಚಿತ್ರದ ಹೆಣ್ಣು ಯಾರೋ ಒಬ್ಬಳನ್ನು ಹೋಲುತ್ತಾಳೆ, ಬರಹದ ಹೆಣ್ಣು ಸಾವಿರ ಹೆಣ್ಣುಗಳ ಕನಸು ಕಾಣಿಸುತ್ತಾಳೆ ಎಂಬುದು ಆತನ ವಾದ. ಚಿತ್ರಕ್ಕೆ ಹೇಳಿದ ಮಾತು ಸಂಗೀತಕ್ಕೂ ಸಲ್ಲಬೇಕು. ಆತ ವಾಕ್ಯಗಳನ್ನು ಗಟ್ಟಿಯಾಗಿ ಓದುತ್ತಿದ್ದ ಎಂಬುದನ್ನು ಎಲ್ಲರೂ ದೊಡ್ಡ ಸಾಕ್ಷಿಯಂತೆ ಮುಂದಿಡುತ್ತಾರೆ. ನಮ್ಮ ಬೀದಿಯಲ್ಲಿ ಸೊಪ್ಪು ಮಾರುವವರೂ ಗಟ್ಟಿಯಾಗಿಯೇ ಕೂಗುತ್ತಾರೆ. ಅದನ್ನು ಯಾರೂ ಆಲ್ಬಮ್ ಮಾಡುವುದಿಲ್ಲ.

ಕಾವ್ಯವನ್ನು ಹಾಡಿ ಕೇಳಿಸುವುದು ಕನ್ನಡಿಗರಿಗೆ ಹೊಸದಲ್ಲ ಎಂದು ಯಾರಾದರೂ ಗಮಕವನ್ನು ನೆನಪಿಸಬಹುದು. ಆದರೆ ಗಮಕಿ ಕುಮಾರವ್ಯಾಸನ ಒಂದಕ್ಷರವನ್ನೂ ಬಿಡುವುದಿಲ್ಲ. ರಾಗವು ಪದ್ಯದ ಹಿಂದೆ ನಡೆಯುತ್ತದೆ. ಇಲ್ಲಿ ಮುನ್ನೂರು ಚಿಲ್ಲರೆ ಪುಟಗಳ ಗದ್ಯವನ್ನು ಮನೆಯಲ್ಲೇ ಬಿಟ್ಟು ಹೆಸರನ್ನು ಮಾತ್ರ ಮೆರವಣಿಗೆಗೆ ಹೊರಡಿಸಿದ್ದಾರೆ. ಮೇಲಾಗಿ ಇದು ಯುದ್ಧದ ಕಾದಂಬರಿ. ಶಿಲುಬೆಗೇರಿದ ಸಿಂಹಗಳು, ಮೊಲೊಕ್ ದೇವನ ಬೆಂಕಿಗೆ ಬೀಳುವ ಮಕ್ಕಳು, ಕಣಿವೆಯಲ್ಲಿ ಸಿಕ್ಕಿಬಿದ್ದು ಹಸಿವಿನಿಂದ ಸಾಯುವ ಸೈನಿಕರು ಇರುವ ಕಥೆಗೆ ಒಂದು ಡ್ರಮ್ ಬೇಡವೇ?

ನಮ್ಮ ಓದುಗರ ಬಳಗದಲ್ಲಿ ಇದೇ ಕಾದಂಬರಿಯ ಇಂಗ್ಲಿಷ್ ಅನುವಾದವನ್ನು ಚರ್ಚೆಗೆ ಇಟ್ಟುಕೊಂಡಿದ್ದೆವು. ಹಿರಿಯ ಸದಸ್ಯರೊಬ್ಬರು ಓದಲು ಪುರುಸೊತ್ತಾಗದೆ, ಆಲ್ಬಮ್ ಕೇಳಿಕೊಂಡು ಬಂದಿದ್ದರು. ತಮ್ಮ ಸರದಿ ಬಂದಾಗ ಅವರು, ಇದು ಬೆಳದಿಂಗಳ ರಾತ್ರಿಯಲ್ಲಿ ದೇವಾಲಯದ ಕನ್ಯೆಯೊಬ್ಬಳು ಕಾಣುವ ಪ್ರಶಾಂತ ಸ್ವಪ್ನ ಎಂದು ಹತ್ತು ನಿಮಿಷ ಸೊಗಸಾಗಿ ಮಾತನಾಡಿದರು. ಕೊನೆಯಲ್ಲಿ ಮಾತೋನ ಹೃದಯವನ್ನು ಕಿತ್ತು ತೆಗೆಯುತ್ತಾರೆ ಎಂದು ನಾನು ಹೇಳಿದಾಗ, ಕೈಯಲ್ಲಿದ್ದ ಕೋಡುಬಳೆಯನ್ನು ತಟ್ಟೆಗೆ ಮರಳಿಸಿ, ‘ಅದು ಯಾವ ಬದಿಯಲ್ಲಿ ಬರುತ್ತದೆ?’ ಎಂದು ಕೇಳಿದರು. ನನ್ನ ಪ್ರತಿಯನ್ನೇ ಅವರಿಗೆ ಕೊಟ್ಟು ಕಳುಹಿಸಿದೆ. ಮೂರು ವಾರಗಳ ಬಳಿಕ, ಆಲ್ಬಮ್ ಬಹಳ ಚೆನ್ನಾಗಿದೆ ಎಂದು ಮತ್ತೊಮ್ಮೆ ಹೇಳಿ ಪುಸ್ತಕ ಹಿಂತಿರುಗಿಸಿದರು. ಗುರುತಿಗೆ ಇಟ್ಟಿದ್ದ ಬಸ್ ಟಿಕೆಟ್ ಎರಡನೆಯ ಅಧ್ಯಾಯದಲ್ಲೇ ಇತ್ತು.